ಚೌರಿಯ ಕೂದಲು ತರಲು ಹೋದ ದಾರಿ

ಕಾರ್ತಿಕ ಮುಗಿದು ನಾಲ್ಕು ದಿನವಾಗಿತ್ತು. ಬೆಳಗಿನ ಏಳು ಗಂಟೆಯ ಹುಬ್ಬಳ್ಳಿ ಬಸ್ಸನ್ನು ಮೊರಬದಲ್ಲಿ ಹತ್ತಿದವರು ನಾವಿಬ್ಬರು, ನಾನು ಮತ್ತು ನನ್ನ ಸೊಸೆ ಸುಮಂಗಲಾ. ಆಕೆಗೆ ಹೆಣ್ಣುಮಕ್ಕಳ ಉಚಿತ ಟಿಕೆಟ್, ನನಗೆ ನಲವತ್ತೈದು ರೂಪಾಯಿಯದು. ನನ್ನ ತೊಡೆಯ ಮೇಲೆ ಒಂದು ಉದ್ದನೆಯ ಕೈಚೀಲ. ಅದರೊಳಗೆ ಕೆಂಪು ಬಟ್ಟೆಯಲ್ಲಿ ಸುತ್ತಿದ ನಮ್ಮ ಮನೆಯ ಚೌರಿ.

ನಮ್ಮೂರ ಮಠದ ಪಲ್ಲಕ್ಕಿ ಹೊರಟಾಗ ಅದರ ಬಾಜುವಿನಲ್ಲಿ ನಡೆಯುತ್ತ ಚೌರಿ ಬೀಸುವ ಸೇವೆ ನಮ್ಮ ಮನೆತನದ್ದು. ಬೆಳ್ಳಿಯ ಹಿಡಿ, ಅದರ ತುದಿಗೆ ಮೊಳದುದ್ದದ ಬಿಳಿ ಕೂದಲಿನ ಕುಚ್ಚು. ವರ್ಷವಿಡೀ ಅದು ನಮ್ಮ ದೇವರ ಮನೆಯ ಗೂಟಕ್ಕೆ ತೂಗಿರುತ್ತದೆ. ಶ್ರಾವಣ ಬರುವ ಮೊದಲು ಅದನ್ನು ಅಂಟವಾಳದ ನೊರೆಯಲ್ಲಿ ತೊಳೆದು, ನೆರಳಿಗೆ ಒಣಗಿಸಿ, ಹಣಿಗೆಯಿಂದ ಬಾಚುವುದು ಮನೆಯ ಹಿರಿಯ ಸೊಸೆಯ ಕೆಲಸ. ನನ್ನ ಹೆಂಡತಿ ಇರುವತನಕ ಆಕೆ ಮಾಡಿದಳು. ಆಕೆ ತೀರಿಕೊಂಡ ಮೇಲೆ ಸುಮಂಗಲಾಳ ಪಾಲಿಗೆ ಬಂತು. ಈಗ ಕೂದಲು ಉದುರಿ ಉದುರಿ ಕುಚ್ಚು ತೆಳ್ಳಗಾಗಿತ್ತು. ಮುಂಡಗೋಡದ ಟಿಬೇಟಿಯನ್ ಕ್ಯಾಂಪಿನಲ್ಲಿ ಹೊಸ ಕೂದಲು ಸಿಗುತ್ತದೆಂದು ಮಠದ ಹಿರಿಯರೊಬ್ಬರು ಹೇಳಿದ್ದರು. ಹೊಸ ಕೂದಲು ಬರುವುದಾದರೆ ಮನೆಯ ಸೊಸೆಯ ಉಡಿಯಲ್ಲಿಯೇ ಬರಬೇಕೆಂಬುದು ನಮ್ಮಲ್ಲಿಯ ಪದ್ಧತಿ. ಆಕೆಯ ತವರು ದುಮ್ಮವಾಡ ಆ ದಾರಿಯ ಕಲಘಟಗಿಗೆ ಹತ್ತಿರ. ಹಾಗಾಗಿ ಒಂದು ರಾತ್ರಿ ಅಲ್ಲಿ ತಂಗಿ ಮುಂದೆ ಹೋಗುವುದೆಂದು ಗೊತ್ತು ಮಾಡಿ ಆಕೆಯನ್ನು ಕರೆದುಕೊಂಡು ಹೊರಟಿದ್ದೆ.

ಮುಂದೆ ಬರೆಯುವ ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ಹನ್ನೊಂದು ವರ್ಷದ ಹಿಂದೆ, ಮೊದಲ ಸಲ ಚೌರಿ ಬಾಚಿದ ದಿನ ಸುಮಂಗಲಾಳ ಕಣ್ಣು ಊದಿಕೊಂಡವು. ಮೊಳಕೈವರೆಗೆ ದದ್ದು ಎದ್ದವು. ಉಸಿರು ಸೀಟಿ ಹೊಡೆಯತೊಡಗಿತು. ಮರುವರ್ಷವೂ ಹಾಗೆಯೇ ಆಯಿತು. ಆಗ ಆಕೆ ಪಡಸಾಲೆಯಲ್ಲಿ ನಿಂತು, "ಮಾವಾರ, ಚೌರಿ ಮುಟ್ಟಿದ್ರ ನನಗ ದಮ್ಮ ಹತ್ತತೇತ್ರಿ. ಬ್ಯಾರೆ ಯಾವ ಕೆಲಸಕ್ಕೂ ಹಿಂಗ ಆಗೂದಿಲ್ರಿ" ಎಂದಳು. ನಾನು ಗದರಿಸಿ ಬಾಯಿ ಮುಚ್ಚಿಸಿದೆ. ಮೂರನೆಯ ವರ್ಷ ಮಠದ ಕಟ್ಟೆಯ ಮೇಲೆ ಹತ್ತು ಮಂದಿಯ ಎದುರು, "ನಮ್ಮ ಸೊಸಿ ಕೈ ದೇವರು ಒಲ್ಲೆ ಅಂತಾನ. ಅದಕ್ಕ ಆಕಿ ಉಸರ ಹಿಡಿತಾನ" ಎಂದುಬಿಟ್ಟೆ. ಎದೆಯ ಮೇಲೆ ಇಷ್ಟಲಿಂಗ ಧರಿಸಿದ ಹೆಣ್ಣುಮಗಳಿಗೆ ನಾನು ಆಡಿದ ಮಾತು ಅದು. ಅಂದಿನಿಂದ ಆಕೆ ದೇವರ ಮನೆಯ ಹೊಸ್ತಿಲು ದಾಟಲಿಲ್ಲ. ಅಡುಗೆಮನೆಯ ಮೂಲೆಯಲ್ಲಿ ಕುಳಿತು ಲಿಂಗಪೂಜೆ ಮಾಡಿಕೊಂಡಳು. ನನ್ನ ಮಗ ಶೇಖರ ನನ್ನೆದುರು ತುಟಿ ಬಿಚ್ಚಲಿಲ್ಲ. ಇಷ್ಟಾಗಿಯೂ ಚೌರಿ ತೊಳೆಯುವ ಕೆಲಸ ಮಾತ್ರ ಆಕೆಗೆ ತಪ್ಪಲಿಲ್ಲ. ಪ್ರತಿ ವರ್ಷ ಅದನ್ನು ಹಿತ್ತಲಿಗೆ ಒಯ್ದು ಕೊಡುತ್ತಿದ್ದೆ. ದೇವರು ಒಲ್ಲದ ಕೈಗೆ ದೇವರ ಸಾಮಾನು ಯಾಕೆ ಕೊಡುತ್ತೀ ಎಂದು ನನ್ನನ್ನು ನಾನೇ ಕೇಳಿಕೊಳ್ಳಲಿಲ್ಲ.

ಇನ್ನೂ ಒಂದಿದೆ. ನಾಲ್ಕು ವರ್ಷದ ಹಿಂದೆ ಆಕೆಯನ್ನು ಹುಬ್ಬಳ್ಳಿಯ ಡಾಕ್ಟರಲ್ಲಿಗೆ ಕರೆದೊಯ್ದಾಗ ಅವರು, "ಮನಿಯೊಳಗ ಪ್ರಾಣಿ ಏನರ ಸಾಕೀರೇನ್ರಿ? ನಾಯಿ, ಬೆಕ್ಕು?" ಎಂದು ಕೇಳಿದರು. ಆಕೆ ಬಾಯಿ ತೆರೆಯುವ ಮೊದಲೇ ನಾನು, "ಎರಡ ಎಮ್ಮಿ ಅದಾವ್ರಿ, ಅವೂ ಹೊರಗ. ನಮ್ಮದು ಮಡಿಯ ಮನಿ, ಒಳಗ ಯಾವ ಪ್ರಾಣಿನೂ ಬಿಡೂದಿಲ್ರಿ" ಎಂದೆ. ಅವರು ಧೂಳಿನ ದಮ್ಮು ಎಂದು ಬರೆದು ಉಸಿರಿನ ಪಂಪು ಕೊಟ್ಟರು. ಅದರಲ್ಲಿ ಅವರದೇನು ತಪ್ಪು?

ಬಸ್ಸು ಎರೆಭೂಮಿಯ ನಡುವೆ ಸಾಗಿತು. ಎರಡೂ ಕಡೆ ಕಡಲೆ ಹಸಿರಾಗಿತ್ತು, ಹತ್ತಿ ಬಿಡಿಸುವ ಹೆಣ್ಣುಮಕ್ಕಳು ಇಬ್ಬನಿ ಆರಲೆಂದು ಬದುವಿನ ಮೇಲೆ ಕುಳಿತಿದ್ದರು. ಊರು ದಾಟುವಷ್ಟರಲ್ಲಿ ಸುಮಂಗಲಾ ಸೆರಗು ಮೂಗಿಗೆ ಹಿಡಿದುಕೊಂಡಳು.

"ಮಾವಾರ, ಆ ಚೀಲ ಒಂಚೂರ ಆ ಕಡಿ ಇಟಗೊಳ್ರಿ."

ಚೀಲವನ್ನು ಇನ್ನೊಂದು ತೊಡೆಗೆ ಸರಿಸಿದೆ. ಮನಸ್ಸಿನಲ್ಲಿ ಸಿಟ್ಟು ಬಂದಿತ್ತೆಂದು ಈಗ ಬರೆಯಲು ನಾಚಿಕೆಯಾಗುತ್ತದೆ.

ಹುಬ್ಬಳ್ಳಿಯಲ್ಲಿ ಇಳಿದು ಮಿರ್ಚಿ ಭಜಿ ತಿಂದು ಚಹಾ ಕುಡಿದು ಕಲಘಟಗಿಯ ಬಸ್ಸು ಹತ್ತಿದೆವು. ಮೂವತ್ತು ಕಿಲೋಮೀಟರಿನಷ್ಟು ದಾರಿ. ಹೋದಂತೆ ಕಪ್ಪು ನೆಲ ಕೆಂಪಾಗುತ್ತದೆ, ಗಿಡಮರ ಹೆಚ್ಚುತ್ತವೆ, ಗಾಳಿಗೆ ಭತ್ತದ ಹುಲ್ಲಿನ ವಾಸನೆ ಬರುತ್ತದೆ. ಕಲಘಟಗಿಯಲ್ಲಿ ಮತ್ತೊಂದು ಬಸ್ಸು ಹಿಡಿದು ಮಧ್ಯಾಹ್ನದ ಊಟದ ಹೊತ್ತಿಗೆ ದುಮ್ಮವಾಡ ಮುಟ್ಟಿದೆವು.

ಸುಮಂಗಲಾಳ ತಾಯಿ ಪಾರವ್ವ ನೀರಿನ ತಂಬಿಗೆ ಹಿಡಿದು ಬಾಗಿಲಿಗೆ ಬಂದರು. ನನ್ನ ವಯಸ್ಸಿನವರು, ನಾಲಿಗೆ ಮಾತ್ರ ನನಗಿಂತ ಚುರುಕು.

"ಬರ್ರಿ ಬೀಗರ. ಚೀಲದಾಗೇನು, ನಿಮ್ಮ ದೇವರ? ಕಟ್ಟಿ ಮ್ಯಾಲೆ ಇಡ್ರಿ. ಭಾಳ ಸೂಕ್ಷ್ಮದ ದೇವರಂತ, ನಮ್ಮ ಮನಿ ಗಾಳಿ ಒಗ್ಗತೇತೋ ಇಲ್ಲೋ."

"ಯವ್ವಾ, ಸುಮ್ಮನಿರು" ಎಂದಳು ಸುಮಂಗಲಾ.

"ಸುಮ್ಮನ ಇದ್ದ ಹನ್ನೊಂದ ವರ್ಷ ಆತು."

ಚೀಲ ಹೊರಗಿನ ಕಟ್ಟೆಯ ಮೇಲೆಯೇ ಉಳಿಯಿತು. ರೊಟ್ಟಿ, ಬದನೆಕಾಯಿ ಎಣಗಾಯಿ, ಗುರೆಳ್ಳು ಚಟ್ನಿ, ಮೊಸರು ಬಡಿಸಿದರು. ಬೈಗುಳದ ಜೊತೆಗೆ ಉಂಡ ಊಟ ಅಷ್ಟು ರುಚಿಯಾಗಿದ್ದದ್ದು ಅದೇ ಮೊದಲು. ಸಂಜೆ ಸುಮಂಗಲಾ ತಮ್ಮ ಈರಣ್ಣನ ಜೊತೆ ಗೋವಿನಜೋಳದ ಹೊಲಕ್ಕೆ ಹೋಗಿ ಬಂದಳು. ದಿಬ್ಬ ಏರಿ ಬಂದರೂ ಏದುಸಿರಿಲ್ಲ. ಅಂಗಳದಲ್ಲಿ ತಮ್ಮನ ಯಾವುದೋ ಮಾತಿಗೆ ಬಿದ್ದು ಬಿದ್ದು ನಕ್ಕಳು. ನಮ್ಮ ಮನೆಯಲ್ಲಿ ಆ ನಗು ಕೇಳಿದ ನೆನಪು ನನಗಿರಲಿಲ್ಲ.

ಪಾರವ್ವ ನನ್ನ ಮುಖ ನೋಡಿ, "ಹಿಂಗ ನೋಡ್ರಿ. ಇಲ್ಲಿಗೆ ಬಂದ ಎರಡ ದಿನಕ್ಕ ಆಕಿ ಪಂಪ್ ಮೂಲಿಗೆ ಬೀಳತೇತಿ. ನಿಮ್ಮೂರ ನೀರ ಕೆಟ್ಟದ್ದೋ, ಮಂದಿ ಕೆಟ್ಟವರೋ ನೀವ ಹೇಳ್ರಿ" ಎಂದರು.

ಮರುದಿನ ಬೆಳಿಗ್ಗೆ ಕಲಘಟಗಿಗೆ ಬಂದು ಅಲ್ಲಿಂದ ಮುಂಡಗೋಡದ ಬಸ್ಸು ಹಿಡಿದೆವು. ಊರು ಸಮೀಪಿಸಿದಂತೆ ಬಣ್ಣಬಣ್ಣದ ಬಟ್ಟೆಯ ಪತಾಕೆಗಳು, ಕೆಂಪು ವಸ್ತ್ರದ ಸನ್ಯಾಸಿಗಳು ಕಾಣತೊಡಗಿದರು. ಕ್ಯಾಂಪಿನಲ್ಲಿ ವಿಚಾರಿಸಿದಾಗ ಎಲ್ಲರೂ ದೋರ್ಜೆ ಎಂಬ ಮುದುಕರ ಅಂಗಡಿ ತೋರಿಸಿದರು. ಕಂಬಳಿ, ಟೊಪ್ಪಿಗೆ, ಗಂಟೆ, ಧೂಪ ಮಾರುವ ಇಕ್ಕಟ್ಟಾದ ಕೋಣೆ. ನನ್ನ ಹರಕು ಹಿಂದಿಗೆ ಅವರು ನಮ್ಮ ಸೀಮೆಯ ಕನ್ನಡದಲ್ಲಿಯೇ ಉತ್ತರ ಕೊಟ್ಟರು.

"ಕನ್ನಡದಾಗ ಮಾತಾಡ್ರಿ ಯಜಮಾನ್ರ. ನಾ ಹುಬ್ಬಳ್ಳಿ, ನವಲಗುಂದ, ಅಣ್ಣಿಗೇರಿ ಎಲ್ಲಾ ಕಡಿ ಮೂವತ್ತ ಚಳಿಗಾಲ ಸ್ವೆಟರ್ ಮಾರೇನಿ."

ಕೆಂಪು ಬಟ್ಟೆ ಬಿಚ್ಚಿ ಚೌರಿ ತೋರಿಸಿದೆ. ಅವರು ಕೂದಲನ್ನು ಬೆರಳಲ್ಲಿ ಹೊಸೆದು ನೋಡಿದರು.

"ಹಳೇ ಮಾಲು. ಚಲೋ ಬಿಳಿ ಯಾಕ್ ಬಾಲ ಇದು."

"ಬಾಲ ಅಂದ್ರ?"

"ಬಾಲ ಅಂದ್ರ ಬಾಲನ ರೀ. ಯಾಕ್ ಅಂದ್ರ ನಮ್ಮ ಕಡಿ ದನ. ನಿಮ್ಮ ಎಮ್ಮಿಗೆ ಕಂಬಳಿ ಹೊಚ್ಚಿದ್ರ ಹೆಂಗ ಕಾಣತೇತಿ, ಹಂಗ ಇರತೇತಿ. ಮತ್ತ ಈ ಕೂದಲಾ ದೇವಲೋಕದಿಂದ ಉದುರತಾವ ಅಂತ ಮಾಡಿದ್ರೇನು?" ಎಂದು ಅವರು ನಕ್ಕರು.

ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೈಸ್ಕೂಲಿನಲ್ಲಿ ಚಾಮರ ಅಥವಾ ಚೌರಿ ಎಂದರೆ ಚಮರೀಮೃಗದ ಬಾಲದ ಕೂದಲು ಎಂದು ಗುರುಗಳು ಹೇಳಿದ್ದರು, ಪರೀಕ್ಷೆಯಲ್ಲಿ ಬರೆದು ಗುಣ ಪಡೆದಿದ್ದೆ. ಆದರೆ ಅದು ಹುಲ್ಲು ಮೇಯುವ, ಸಗಣಿ ಹಾಕುವ, ಚರ್ಮದಿಂದ ಹೊಟ್ಟು ಉದುರಿಸುವ ಪ್ರಾಣಿ ಎಂದು ಒಮ್ಮೆಯೂ ಯೋಚಿಸಲಿಲ್ಲ. ಗೂಟಕ್ಕೆ ತೂಗಿದ ಮೇಲೆ ಅದು ನಮಗೆ ದೇವರ ಸಾಮಾನು, ಅಷ್ಟೇ. ಮನೆಯೊಳಗೆ ಪ್ರಾಣಿ ಇಲ್ಲವೆಂದು ಡಾಕ್ಟರಿಗೆ ಹೇಳಿದಾಗ ನನ್ನ ಮಟ್ಟಿಗೆ ಅದು ನಿಜವೇ ಆಗಿತ್ತು.

ದೋರ್ಜೆ ಒಳಗಿನಿಂದ ಒಂದು ಗಂಟು ತಂದು ಬಿಚ್ಚಿದರು. ಲಡಾಖದ ಕಡೆಯಿಂದ ತರಿಸಿದ ಹೊಸ ಕೂದಲು. ಜಾಡಿಸಿ ತೋರಿಸಿದಾಗ ಕಿಟಕಿಯ ಬಿಸಿಲಿನಲ್ಲಿ ಸಣ್ಣ ಹೊಟ್ಟು ತೇಲಿತು. ನಾನು ಪದ್ಧತಿಯನ್ನು ಹೇಳಿದೆ. ಸುಮಂಗಲಾ ಎರಡು ಹೆಜ್ಜೆ ಹಿಂದೆ ನಿಂತಿದ್ದಳು. ನನ್ನ ಮುಖ ನೋಡಿದಳು, ಮುಂದೆ ಬಂದು ಸೆರಗಿನ ಉಡಿ ಒಡ್ಡಿದಳು. ಅವರು ಗಂಟನ್ನು ಅದರಲ್ಲಿ ಇಟ್ಟರು.

ಐದು ನಿಮಿಷವೂ ಆಗಿರಲಿಲ್ಲ. ಮೊದಲು ಕೆಮ್ಮು. ಕೊರಳು ಕೆರೆದುಕೊಂಡಳು. ಪಂಪು ತೆಗೆದು ಎರಡು ಸಲ ಎಳೆದುಕೊಂಡಳು, ಏನೂ ಆಗಲಿಲ್ಲ. ತುಟಿ ಊದಿತು. ಗೋಡೆ ಹಿಡಿದು ನಿಂತವಳ ಹೆಗಲು ಉಸಿರಿಗಾಗಿ ಮೇಲೆ ಕೆಳಗೆ ಆಡುತ್ತಿತ್ತು, ಗಾಳಿ ಮಾತ್ರ ಒಳಗೆ ಹೋಗುತ್ತಿರಲಿಲ್ಲ. ನಾನು ಆ ಹೊತ್ತಿನಲ್ಲಿಯೂ, "ಉಡಿ ಚೆಲ್ಲಬ್ಯಾಡ" ಎಂದೆ. ಈ ಒಂದು ಮಾತನ್ನು ಬರೆಯದೆ ಬಿಡಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದೆ.

ದೋರ್ಜೆ ಗಂಟನ್ನು ಕಿತ್ತು ಬಾಗಿಲಾಚೆ ಎಸೆದರು. "ತಂಗಿ, ಹೊರಗ ಬಾ. ಗಾಳಿಗೆ ಬಾ!" ಎಂದು ಆಕೆಯ ರಟ್ಟೆ ಹಿಡಿದು ಹೊರಗೆ ಎಳೆದರು. ಬಾಜುವಿನ ಅಂಗಡಿಯವನ ಗಾಡಿಯಲ್ಲಿ ಕೂರಿಸಿ ಕ್ಯಾಂಪಿನ ದವಾಖಾನೆಗೆ ಒಯ್ದೆವು. ಅಲ್ಲಿಯ ನರ್ಸಬಾಯಿ ಒಂದು ಪ್ರಶ್ನೆಯನ್ನೂ ಕೇಳದೆ ಮೊದಲು ತೊಡೆಗೆ ಇಂಜೆಕ್ಷನ್ ಚುಚ್ಚಿದರು, ಮುಖಕ್ಕೆ ಔಷಧದ ಹಬೆಯ ಮಾಸ್ಕ್ ಹಾಕಿದರು, ಆಮೇಲೆ ಹೆಸರು ಕೇಳಿದರು. ಆ ತಾಯಿಯ ಕೈಗೆ ನಾನು ಇಂದಿಗೂ ಮನಸ್ಸಿನಲ್ಲಿ ಕೈಮುಗಿಯುತ್ತೇನೆ.

ಹೊರಗಿನ ಬೆಂಚಿನ ಮೇಲೆ ದೋರ್ಜೆ ನನ್ನ ಪಕ್ಕದಲ್ಲಿ ಕುಳಿತರು.

"ಎಷ್ಟ ವರ್ಷದಿಂದ ಹಿಂಗ?"

"ಹನ್ನೊಂದು."

"ಯಾವಾಗ ಯಾವಾಗ ಬರತೇತಿ?"

"ಚೌರಿ ತೊಳದಾಗ."

ಅವರು ನನ್ನ ಕಡೆ ತಿರುಗಿದರು. "ನಮ್ಮ ಮಂದ್ಯಾಗೂ ಒಬ್ಬೊಬ್ಬರಿಗೆ ಯಾಕ್ ಕೂದಲಾ ಆಗೂದಿಲ್ರಿ. ನಮ್ಮಕ್ಕನ ಮಗಳು ಅದರ ಉಣ್ಣಿ ಕಂಬಳಿ ಹೊಚ್ಚಿದ್ರ ಮುಖಾ ಬುರುಬುರು ಊದೂದು."

"ನೀವು ಏನ ಮಾಡಿದ್ರಿ?"

"ಏನ ಮಾಡೂದು? ಕಂಬಳಿ ಬದಲಿ ಮಾಡಿದ್ವಿ."

ಹನ್ನೊಂದು ವರ್ಷ ನಾನು ಕಟ್ಟಿಕೊಂಡಿದ್ದ ಗೋಡೆ ಆ ಮೂರು ಶಬ್ದಕ್ಕೆ ಕುಸಿಯಿತು. ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಅತ್ತೆ. ಅವರು ಸಮಾಧಾನದ ಮಾತು ಹೇಳಲಿಲ್ಲ, ಎದ್ದು ಹೋಗಲೂ ಇಲ್ಲ.

ಒಂದು ತಾಸಿನ ಮೇಲೆ ಒಳಗೆ ಕರೆದರು. ಸುಮಂಗಲಾಳ ತುಟಿಯ ಬಾವು ಇಳಿದಿತ್ತು, ಉಸಿರು ಸರಿಯಾಗಿತ್ತು. ಆದರೂ ಕೆಲವೊಮ್ಮೆ ದಮ್ಮು ತಿರುಗಿ ಏಳುತ್ತದೆಂದು ಇಳಿಹೊತ್ತಿನವರೆಗೆ ಇರಿಸಿಕೊಂಡರು. ಸೀರೆಯಲ್ಲಿ ಕೂದಲಿನ ಹೊಟ್ಟು ಇರುತ್ತದೆ, ಅದನ್ನು ಉಟ್ಟುಕೊಂಡು ಹೋಗಬೇಡಿ ಎಂದರು ನರ್ಸಬಾಯಿ. ದೋರ್ಜೆಯವರ ಹೆಂಡತಿ ತಮ್ಮದೊಂದು ಒಗೆದ ಹತ್ತಿಯ ನಿಲುವಂಗಿ ತಂದು ತೊಡಿಸಿದರು. ಸೀರೆ ಪ್ಲಾಸ್ಟಿಕ್ ಚೀಲ ಸೇರಿತು. ನಮ್ಮ ಚೌರಿಯ ದಾರವನ್ನು ದೋರ್ಜೆ ಕತ್ತರಿಸಿ, ಬೆಳ್ಳಿಯ ಹಿಡಿಯನ್ನು ಸಾಬೂನಿನಿಂದ ತಿಕ್ಕಿ ತೊಳೆದು ನನ್ನ ಕೈಗಿಟ್ಟರು. "ಹಿಡಿ ನಿಮ್ಮದು, ಬಾಲ ನಮ್ಮದು. ಇಲ್ಲೇ ಇರಲಿ" ಎಂದರು. ಏನು ಕೊಟ್ಟರೂ ಮುಟ್ಟಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ಜನ ಆಕೆಯ ಉಡುಪನ್ನೂ ಹಣೆಯ ವಿಭೂತಿಯನ್ನೂ ತಿರುತಿರುಗಿ ನೋಡಿದರು. ಆಕೆ ದಣಿದ ದನಿಯಲ್ಲಿಯೇ, "ಮಾವಾರ, ಮೊರಬಕ್ಕೂ ಹಿಂಗ ಬರ್ಲೇನ್ರಿ?" ಎಂದಳು. ನಗಲು ಹೋದೆ, ಆಗದೆ ಕಿಟಕಿಯಾಚೆ ನೋಡಿದೆ.

ದುಮ್ಮವಾಡದಲ್ಲಿ ಆದದ್ದೆಲ್ಲವನ್ನೂ ನಾನೇ ಹೇಳಿದೆ. ಪಾರವ್ವ ಬೈಯುತ್ತಾರೆಂದು ಕಾದೆ. ಅವರು ಮಗಳ ಬೆನ್ನು ಸವರುತ್ತ ಕುಳಿತರು, ನನ್ನ ಕಡೆ ನೋಡಲೇ ಇಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಮೂರನೆಯ ದಿನ ಈರಣ್ಣನೂ ಜೊತೆಗೆ ಬಂದ. ಹುಬ್ಬಳ್ಳಿಯಲ್ಲಿ ಅದೇ ಡಾಕ್ಟರಲ್ಲಿಗೆ ಹೋದೆವು. ಅವರು ಅಭ್ಯಾಸದಂತೆ ನನ್ನನ್ನು ನೋಡಿ, "ಏನ ತ್ರಾಸು?" ಎಂದರು.

"ಈ ಸಲ ಆಕಿನ ಹೇಳತಾಳ್ರಿ" ಎಂದೆ.

ಆಕೆ ಹೇಳಿದಳು. ತೊಳೆಯುವಾಗ ಎಷ್ಟು, ಬಾಚುವಾಗ ಎಷ್ಟು, ದೇವರ ಮನೆಯ ಬಾಗಿಲಲ್ಲಿ ನಿಂತರೆ ಎಷ್ಟು, ತವರಿಗೆ ಹೋದರೆ ಎಷ್ಟು ದಿನಕ್ಕೆ ಕಡಿಮೆಯಾಗುತ್ತದೆ, ಎಲ್ಲವೂ ಆಕೆಗೆ ಅಗದಿ ಸ್ಪಷ್ಟವಾಗಿ ಗೊತ್ತಿತ್ತು. ಡಾಕ್ಟರು ಪೆನ್ನು ಕೆಳಗಿಟ್ಟು, "ಇಷ್ಟ ಗೊತ್ತಿದ್ದೂ ಮೊದಲ ಯಾಕ ಹೇಳಲಿಲ್ಲವಾ?" ಎಂದರು.

"ಆಕಿ ಹೇಳಿದ್ಲ್ರಿ. ನಾ ಕೇಳಲಿಲ್ಲ" ಎಂದೆ.

ಈ ಪ್ರಾಣಿಯ ಕೂದಲಿಗೆಂದೇ ಮಾಡಿದ ಪರೀಕ್ಷೆಯ ಔಷಧ ತಮ್ಮಲ್ಲಿಲ್ಲ, ಆದರೆ ಆಕೆ ಹೇಳಿದ್ದೂ ನಿನ್ನೆ ಆದದ್ದೂ ಸಾಕು ಎಂದರು ಅವರು. ಎಮ್ಮೆ ಹಿಂಡಿದರೆ ಏನೂ ಆಗದಿರುವುದನ್ನೂ ಬರೆದುಕೊಂಡರು. ಇದಕ್ಕೆ ದೊಡ್ಡ ಮದ್ದೆಂದರೆ ದೂರ ಇರುವುದು. ಯಾಕ್ ಕೂದಲಿನ ಯಾವ ವಸ್ತುವೂ ಮನೆಯಲ್ಲಿರಬಾರದು. ಶಾಲು, ಕಂಬಳಿ ಕೊಳ್ಳುವಾಗ ಉಣ್ಣೆ ಯಾವುದೆಂದು ಕೇಳಬೇಕು. ನಾಟಕದ ಗಡ್ಡ ಮೀಸೆಯನ್ನೂ ಕೆಲವೊಮ್ಮೆ ಇದೇ ಕೂದಲಿನಿಂದ ಮಾಡುತ್ತಾರಂತೆ, ಅದನ್ನೂ ಮುಟ್ಟಬಾರದು. ಆ ದನದ ಹಾಲಿನ ಒಣ ಗಿಣ್ಣು ಯಾರಾದರೂ ಕೊಟ್ಟರೆ ತಮ್ಮನ್ನು ಕೇಳದೆ ತಿನ್ನಬಾರದು. ದಿನದ ಪಂಪು ಬೇರೆ, ದಮ್ಮು ಹತ್ತಿದಾಗಿನ ಪಂಪು ಬೇರೆ. ಎರಡನ್ನೂ ಬಳಸುವ ಬಗೆ ತೋರಿಸಿದರು. ತುಟಿ, ಗಂಟಲು ಊದಿದರೆ ಪಂಪನ್ನು ನಂಬಿ ಕೂರದೆ ಕೂಡಲೇ ದವಾಖಾನೆಗೆ ಓಡಬೇಕೆಂದು ಎರಡು ಸಲ ಹೇಳಿದರು. ಹಾಗೆ ಊದಿದಾಗ ಚುಚ್ಚುವ ಇಂಜೆಕ್ಷನ್ನಿನ ಹೆಸರನ್ನು ಒಂದು ಚೀಟಿಯಲ್ಲಿ ಬರೆದು, ಸದಾ ಜೊತೆಯಲ್ಲಿರಲಿ ಎಂದು ಆಕೆಯ ಕೈಗೇ ಕೊಟ್ಟರು. ಮನೆ ಸ್ವಚ್ಛವಾಗುವವರೆಗೆ ಆಕೆ ತವರಿನಲ್ಲಿರುವುದು ಒಳ್ಳೆಯದೆಂದರು.

ಬಸ್ ನಿಲ್ದಾಣದಲ್ಲಿ ಈರಣ್ಣ ಕಲಘಟಗಿಯ ಬಸ್ಸು ವಿಚಾರಿಸಲು ಹೋದ. ನಾವಿಬ್ಬರೇ ಬೆಂಚಿನ ಮೇಲಿದ್ದೆವು. ನಾನು ಕೈಮುಗಿದೆ.

"ಯವ್ವಾ, ನಂದು ತಪ್ಪಾತು. ದೇವರ ಹೆಸರಿಲೆ ನಾ ನಿನಗ ಅನ್ಯಾಯ ಮಾಡಿದೆ."

ಆಕೆ ಸುತ್ತ ಒಮ್ಮೆ ನೋಡಿದಳು. "ಇಲ್ಲಿ ಹೇಳಿದ್ರ ಯಾರಿಗೆ ಕೇಳಸತೇತ್ರಿ ಮಾವಾರ? ಹುಬ್ಬಳ್ಳಿ ಸ್ಟ್ಯಾಂಡಿನ್ಯಾಗ ನನಗ ಯಾರೂ ಏನೂ ಅಂದಿಲ್ಲ."

"ಅಂದ್ರ?"

"ಎಲ್ಲಿ ಅಂದಿದ್ರೋ ಅಲ್ಲೇ ಹೇಳ್ರಿ. ಆಮ್ಯಾಲೆ ನಾ ಬರೂ ವಿಚಾರ ಮಾಡತೀನಿ."

ಬಸ್ಸು ಬಂತು. ಹತ್ತುವಾಗ ಆಕೆ ಹಿಂದಿರುಗಿ ನೋಡಲಿಲ್ಲ.

ಮೊರಬದಲ್ಲಿ ಇಳಿದಾಗ ಸಂಜೆ ಐದೂವರೆ. ಮನೆಗೆ ಹೋಗದೆ ನೇರವಾಗಿ ಮಠಕ್ಕೆ ನಡೆದೆ. ಕಟ್ಟೆಯ ಮೇಲೆ ಏಳೆಂಟು ಮಂದಿ ಕುಳಿತಿದ್ದರು, ಅಂದು ನನ್ನ ಮಾತು ಕೇಳಿದವರೂ ಅವರಲ್ಲಿದ್ದರು. ಸುಮಂಗಲಾಗೆ ಫೋನು ಹಚ್ಚಿ, "ಕೇಳಾಕತ್ತಿಯೇನವಾ?" ಎಂದೆ. "ಹೂಂರಿ" ಎಂದಳು. ಫೋನನ್ನು ಕಟ್ಟೆಯ ಮೇಲೆ ಎಲ್ಲರ ನಡುವೆ ಇಟ್ಟೆ. ಆಮೇಲೆ ಎಲ್ಲವನ್ನೂ ಹೇಳಿದೆ. ಅದು ದನದ ಬಾಲವೆಂದೂ, ಆಕೆ ಮೊದಲೇ ಹೇಳಿದ್ದಳೆಂದೂ, ದೇವರು ಆಕೆಯ ಕೈಯನ್ನು ಎಂದೂ ಒಲ್ಲೆ ಎನ್ನಲಿಲ್ಲ, ಅಂದದ್ದು ನಾನೇ ಎಂದೂ ಹೇಳಿದೆ. ಉಡಿ ಚೆಲ್ಲಬೇಡ ಎಂದದ್ದನ್ನೂ ಮುಚ್ಚಿಡಲಿಲ್ಲ.

ನನ್ನ ಓರಗೆಯ ಗೆಳೆಯ ಶಿವಪ್ಪ, "ಲೇ, ನೀ ಅಂದಿ, ನಾವು ತಲಿ ಅಲ್ಲಾಡಿಸಿದ್ವಿ. ನಿಂದೊಬ್ಬಂದ ತಪ್ಪಲ್ಲ" ಎಂದ. ಮತ್ತೊಬ್ಬರು, "ಹಂಗಾದ್ರ ಪಲ್ಲಕ್ಕಿಗೆ ಚೌರಿ?" ಎಂದು ಕೇಳಿದರು. ಶಿವಪ್ಪನೇ, "ಬಿಳಿ ಹತ್ತಿ ನೂಲಿಂದ ಕಟ್ಟೂಣು. ಮೊರಬದಾಗ ಹತ್ತಿಗೆ ಬರಗಾಲ ಬಂದೇತೇನು?" ಎಂದ. ಅವರಲ್ಲಿ ಯಾರೂ ನನ್ನನ್ನು ಕಟ್ಟೆಯಿಂದ ಇಳಿಸಲಿಲ್ಲ. ಅದಕ್ಕೂ ನಾನು ಋಣಿ.

ಫೋನು ಕಿವಿಗೆ ಹಿಡಿದೆ. ಬಹಳ ಹೊತ್ತು ಆ ಕಡೆಯಿಂದ ಉಸಿರಾಟ ಮಾತ್ರ ಕೇಳಿಸಿತು. ಸೀಟಿಯಿಲ್ಲದ, ಹಗುರವಾದ ಉಸಿರು.

"ನಾಡದ ಮುಂಜಾನಿ ಬಸ್ಸಿಗೆ ಬರತೀನ್ರಿ ಮಾವಾರ" ಎಂದಳು. "ಅಷ್ಟರಾಗ ದೇವರ ಮನಿ ಸ್ವಚ್ಛ ಮಾಡ್ರಿ. ಕಸಬರಿಗಿ ಮುಟ್ಟಬ್ಯಾಡ್ರಿ, ಧೂಳ ಏಳತೇತಿ. ಒದ್ದಿ ಅರಿವಿಲೆ ಒರಸ್ರಿ. ಮ್ಯಾಲಿಂದ ಕೆಳಗ."

ಮನೆಗೆ ಬಂದು ಬಕೆಟ್ಟಿನಲ್ಲಿ ನೀರು ತುಂಬಿಕೊಂಡೆ. ಒರೆಸುವ ಅರಿವೆ ಎಲ್ಲಿರುತ್ತದೆ ಎಂದು ಮಗನನ್ನು ಕೇಳಿದೆ. ಅವನಿಗೂ ಗೊತ್ತಿರಲಿಲ್ಲ. ಇಬ್ಬರೂ ಮನೆಯೆಲ್ಲ ಹುಡುಕಿ, ಕೊನೆಗೆ ಮತ್ತೆ ಆಕೆಗೇ ಫೋನು ಮಾಡಿದೆವು.